ರೇಡಿಯೋ ಕೇಳ್ಕೊಂಡು ಬರ್ತೀನಿ

ನಿನ್ನೆ ಸಂಜೆ, ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಟೀವಿಯ ಮುಂದೆ ಕೂತಿದ್ದೆ. ಅವರೆಕಾಳು ಹಿತಕುವ ಕೆಲಸಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು; ಕಣ್ಣನ್ನು ಎಲ್ಲಾದರೂ ಮೇಯಲು ಬಿಡಬಹುದು. ಯಾವುದೋ ಹಾಡಿನ ಸ್ಪರ್ಧೆ ಬರುತ್ತಿತ್ತು. ಹುಡುಗಿ ಚೆನ್ನಾಗಿಯೇ ಹಾಡಿದಳು, ಆದರೆ ಅಷ್ಟಕ್ಕೆ ಅವಳನ್ನು ಬಿಡಲಿಲ್ಲ. ಅವಳ ತಾಯಿಯನ್ನು ವೇದಿಕೆಗೆ ಕರೆಸಿದರು. ನಿರೂಪಕ ದನಿ ತಗ್ಗಿಸಿ, "ಯಜಮಾನರು ಹೋದ ದಿನ ಮನೇಲಿ ಏನಿತ್ತಮ್ಮ?" ಎಂದು ಕೇಳಿದ. ಹಿಂದೆಲ್ಲೋ ಪಿಟೀಲು ಶುರುವಾಯಿತು. ಆಕೆಯ ಗದ್ದ ನಡುಗುವುದಕ್ಕೂ ಮೊದಲೇ ಅವನ ಕೈ ಜೇಬಿಗೆ ಹೋಗಿ, ಇಸ್ತ್ರಿ ಮಾಡಿ ಮಡಚಿಟ್ಟ ಬಿಳಿ ಕರವಸ್ತ್ರವನ್ನು ಹೊರಗೆ ತೆಗೆದಿತ್ತು.

ಆ ಕರವಸ್ತ್ರವನ್ನು ನಾನು ಮೊದಲು ನೋಡಿದ್ದು ಐವತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಬಿನ್ನಿಪೇಟೆಯಲ್ಲಿ. ಅದೇ ಬಿಳುಪು, ಅದೇ ಮಡಿಕೆ; ಹಿಡಿದ ಕೈ ಮಾತ್ರ ಬೇರೆ. ಟೀವಿಯವರು ಕೆಟ್ಟುಹೋದರು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ನಮ್ಮ ಬೀದಿಯ ಪಾರ್ಕಿನ ಬೆಂಚಿನಲ್ಲಿ ದಿನಕ್ಕೊಂದು ತೀರ್ಮಾನವಾಗುತ್ತದೆ. ನಾನೂ ಆ ಬೆಂಚಿನ ಸದಸ್ಯಳೇ, ಎಲ್ಲರ ಜೊತೆ ತಲೆ ಆಡಿಸುತ್ತೇನೆ. ನಮ್ಮ ಕಾಲದಲ್ಲೂ ಹೀಗೇ ಇತ್ತು ಎನ್ನಲು ಹೋದರೆ ನಮ್ಮ ಅತ್ತೆಯ ಕಥೆ ಹೇಳಬೇಕಾಗುತ್ತದೆ, ಅದು ವಾಕಿಂಗ್ ನಡುವೆ ಮುಗಿಯುವ ಕಥೆಯಲ್ಲ. ನೀವು ಸಿಕ್ಕಿದ್ದೀರಿ, ಕೂತುಕೊಳ್ಳಿ. ಬೇಕಾದರೆ ಒಂದು ಹಿಡಿ ಕಾಳು ನೀವೂ ಹಿತಕಿ.

ಅತ್ತೆ ಎಂದರೆ ಅಪ್ಪನ ತಂಗಿ, ಪುಟ್ಟತಾಯಮ್ಮ. ನಮ್ಮ ಮೂಲ ಊರು ಮಾರೇನಹಳ್ಳಿ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಅದೃಷ್ಟ, ಆಗ ಬರೀ ರಾಗಿಹೊಲ. ಅಪ್ಪನಿಗೆ ಬಟ್ಟೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬಿನ್ನಿಪೇಟೆಯ ಸಾಲುಮನೆಯೊಂದರಲ್ಲಿ ಇದ್ದೆವು. ಅತ್ತೆ ಮತ್ತು ಅವರ ಗಂಡ ಚೆನ್ನಪ್ಪ ಮಾವ ನಮ್ಮ ಜೊತೆಗೇ ಇದ್ದರು. ಅತ್ತೆಯ ನಗು ಮೂರನೇ ಮನೆಗೆ ಕೇಳುತ್ತಿತ್ತು. ಬೆಂದ ರಾಗಿಮುದ್ದೆ ಗಂಟು ಗಂಟಾದರೂ ನಗು, ಬೆಕ್ಕು ಹಾಲು ಕುಡಿದರೂ ನಗು. ಇಂಥ ಹೆಂಗಸು ಸುತ್ತ ಹತ್ತೂರಿಗೆ ಪ್ರಸಿದ್ಧಳಾಗಿದ್ದದ್ದು ಅಳುವುದರಲ್ಲಿ ಎಂದರೆ ನೀವು ನಂಬಬೇಕು.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವರ ಗುಣಗಳನ್ನು, ಅವರಿಲ್ಲದೆ ಏನೇನು ನಿಂತುಹೋಗುತ್ತದೆ ಎಂಬುದನ್ನು ಸೊಲ್ಲಿಗೆ ಸೊಲ್ಲು ಕಟ್ಟಿ ಹಾಡುತ್ತಾರೆ. ಅದಕ್ಕೆ ಅದರದೇ ಕಟ್ಟುಪಾಡು ಇದೆ. ತಾಯಿಗೆ ಅಳುವಾಗ ತವರಿನ ಮಾತು ಬರಬೇಕು, ಗಂಡನಿಗೆ ಅಳುವಾಗ ಕುಂಕುಮ, ಬಳೆಗಳ ಮಾತು; ಒಂದರ ಸೊಲ್ಲು ಇನ್ನೊಂದಕ್ಕೆ ಬಾರದು. ಬದುಕಿರುವವರಿಗೆ ಹಾಡಿಕೊಂಡು ಅಳುವುದಂತೂ ಕೂಡದೇ ಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ: ಹಾಡಿ ಅಳುವವಳು ತಾನಾಗಿ ನಿಲ್ಲಿಸುವ ಹಾಗಿಲ್ಲ. ಹತ್ತಿರದವರು ಯಾರಾದರೂ ಬಂದು ಭುಜ ಮುಟ್ಟಿ "ಸಾಕು, ಸಮಾಧಾನ ಮಾಡ್ಕೋ" ಎನ್ನಬೇಕು. ಆಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಏಳುತ್ತಾಳೆ, ಯಾರೋ ಕಾಫಿ ತಂದುಕೊಡುತ್ತಾರೆ. ನಮ್ಮಜ್ಜಿ ತೀರಿಕೊಂಡಾಗ ಮಾರೇನಹಳ್ಳಿಯ ಅಂಗಳದಲ್ಲಿ ಅತ್ತೆ ಅತ್ತದ್ದು ನನಗೆ ಮಸುಕಾಗಿ ನೆನಪಿದೆ. ಎಷ್ಟು ಹೊತ್ತಾದರೂ ಮುಗಿಯದೆ ಹೋದಾಗ ಗಂಡಸರ ಗುಂಪಿನಿಂದ ಎದ್ದು ಬಂದು ಅತ್ತೆಯ ಭುಜ ಮುಟ್ಟಿದವರು ಚೆನ್ನಪ್ಪ ಮಾವ. ಗಂಡಸರು ಹಾಗೆ ಮಾಡುವುದು ವಾಡಿಕೆಯಲ್ಲ, ಹಾಗಾಗಿ ಊರವರು ಎಷ್ಟೋ ದಿನ ಅದನ್ನೇ ಆಡಿಕೊಂಡರು.

ಮಾವ ಮೆತ್ತಗಿನ ಮನುಷ್ಯ. ಅವರಿಗೆ ರೇಡಿಯೋ ಎಂದರೆ ಪ್ರಾಣ. ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ರಾಯರ ಹೋಟೆಲಿನಲ್ಲಿ ಮಾತ್ರ, ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಅದಕ್ಕೂ ಒಂದು ಹೂವಿನ ಹಾರ. ಮಾವ ಅರ್ಧ ಲೋಟ ಕಾಫಿಯನ್ನು ಎದುರಿಗಿಟ್ಟುಕೊಂಡು ವಾರ್ತೆ, ಹಾಡು, ಹವಾಮಾನ, ಕೊನೆಗೆ ಬರೀ ಗೊರಗೊರ ಶಬ್ದವಿದ್ದರೂ ಕೇಳುತ್ತಾ ಕೂರುತ್ತಿದ್ದರು. ಕಾಯಿಲೆ ಬಿದ್ದು ಅವರ ಕೆಲಸ ಹೋದ ಮೇಲೆ ಕೂರುವುದು ಇನ್ನೂ ಹೆಚ್ಚಾಯಿತು. ಒಂದು ಸಂಜೆ ಊಟದ ಹೊತ್ತಿನಲ್ಲಿ ಅಪ್ಪ, "ಭಾವಮೈದುನನ ಮನೆ ಮುದ್ದೆ ಎಷ್ಟು ದಿನ ಜೀರ್ಣ ಆಯ್ತದಪ್ಪ?" ಅಂದುಬಿಟ್ಟರು. ತಮಾಷೆಗೋ ನಿಜಕ್ಕೋ, ಅಪ್ಪನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಮಾವ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಕೈ ತೊಳೆದು, ಬಾಗಿಲಲ್ಲಿ ನಿಂತು, "ರೇಡಿಯೋ ಕೇಳ್ಕೊಂಡು ಬರ್ತೀನಿ" ಎಂದು ಅತ್ತೆಗೆ ಹೇಳಿ ಹೋದರು. ಆಮೇಲೆ ಬರಲಿಲ್ಲ.

ವರ್ಷಗಳು ಹೋದವು. ಕೋಲಾರದಲ್ಲಿ ಕಂಡೆ ಎಂದವರಿದ್ದರು, ಹುಬ್ಬಳ್ಳಿ ಎಂದವರಿದ್ದರು. ಪಿತೃಪಕ್ಷ ಬಂದಾಗಲೆಲ್ಲ ಊರಿನ ಹಿರಿಯರು, ಇನ್ನೆಷ್ಟು ವರ್ಷ ಕಾಯುವುದು, ಅವನಿಗೂ ಒಂದು ಎಡೆ ಇಟ್ಟುಬಿಡಮ್ಮ ಎಂದು ಶುರುಮಾಡುತ್ತಿದ್ದರು. ಅತ್ತೆ ಹಣೆಯ ಕುಂಕುಮವನ್ನು ಸರಿಮಾಡಿಕೊಂಡು, "ರೇಡಿಯೋ ಕೇಳೋಕೆ ಹೋದೋರಿಗೆ ಯಾರಾದ್ರೂ ಎಡೆ ಇಡ್ತಾರಾ?" ಎಂದು ನಗುತ್ತಿದ್ದರು. ಅಪ್ಪ ಮಾತ್ರ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ಇದೇ ಕಾಲಕ್ಕೆ 'ಕಂಬನಿಯ ಕಥೆ' ಶುರುವಾದದ್ದು. ನಮ್ಮ ಸರ್ಕಾರಿ ರೇಡಿಯೋದಲ್ಲಿ ಆಗ ಜಾಹೀರಾತು ಇರಲಿಲ್ಲ. ಸಮುದ್ರದಾಚೆಯ ಒಂದು ನಿಲಯದಿಂದ ವಾರಕ್ಕೊಮ್ಮೆ ಕನ್ನಡದಲ್ಲಿ ಬರುತ್ತಿದ್ದ ಕಾರ್ಯಕ್ರಮ ಅದು, ನಡೆಸುತ್ತಿದ್ದವರು ಒಂದು ತಲೆಗೆಣ್ಣೆಯ ಕಂಪನಿಯವರು. ಪ್ರತಿ ವಾರ ಒಬ್ಬ ಹೆಂಗಸು ತನ್ನ ಕಷ್ಟ ಹೇಳಿಕೊಂಡು ಅಳುವುದು, ಜೇನಿನಂಥ ದನಿಯವನೊಬ್ಬ "ಆಮೇಲೆ ಏನಾಯ್ತು ತಾಯಿ?" ಎಂದು ಕೇಳುವುದು, ಪಿಟೀಲು, ನಂತರ ಎಣ್ಣೆಯ ಗುಣಗಾನ. ಚೆನ್ನಾಗಿ ಅತ್ತವರಿಗೆ ಹೊಲಿಗೆ ಯಂತ್ರ ಬಹುಮಾನ. ಹೆಂಗಸರು ಹೋಟೆಲಿನ ಒಳಗೆ ಹೋಗುವಂತಿರಲಿಲ್ಲ. ಹಾಗಾಗಿ ಆ ಹೊತ್ತಿಗೆ ಸರಿಯಾಗಿ ಎದುರಿಗಿದ್ದ ನೀರಿನ ನಲ್ಲಿಯ ಹತ್ತಿರ ಇಡೀ ಬೀದಿಯ ಕೊಡಗಳು ಸೇರುತ್ತಿದ್ದವು. ತುಂಬಿದ ಕೊಡ ತುಳುಕಿ ಹರಿದರೂ ಯಾರಿಗೂ ಪರಿವೆ ಇರುತ್ತಿರಲಿಲ್ಲ.

ನಾವು ಬರೀ ಕೇಳುತ್ತಿದ್ದೆವು ಎಂದುಕೊಳ್ಳಬೇಡಿ, ಬೆಲೆ ಕಟ್ಟುತ್ತಿದ್ದೆವು. ಮೊದಲ ವಾರ ಗಂಡ ಕುಡಿಯುತ್ತಾನೆ ಎಂದು ಒಬ್ಬಳು ಅತ್ತಾಗ ನಲ್ಲಿಯ ಬಳಿ ಎಲ್ಲರ ಕಣ್ಣೂ ಒದ್ದೆ. ಎರಡು ತಿಂಗಳಾಗುವ ಹೊತ್ತಿಗೆ ಪಕ್ಕದ ಮನೆಯ ಸಿದ್ದಮ್ಮ, "ಬರೀ ಕುಡೀತಾನಂತೆ ಕಣೇ. ಅದೇನ್ ದೊಡ್ ವಿಷ್ಯ, ನಮ್ಮನೇಲೂ ಕುಡೀತಾರೆ" ಎಂದು ಕೊಡ ಎತ್ತಿಕೊಂಡು ಹೊರಟುಬಿಟ್ಟರು. ಕಂಪನಿಯವರಿಗೂ ಇದು ಹೇಗೋ ಗೊತ್ತಾಗುತ್ತಿತ್ತು. ವಾರದಿಂದ ವಾರಕ್ಕೆ ಕಷ್ಟ ಏರುತ್ತಾ ಹೋಯಿತು: ಬೆಂಕಿ, ಬಾವಿ, ಕುರುಡು ಮಗು. ಹೈಸ್ಕೂಲು ಓದುತ್ತಿದ್ದ ನಾನು ಎಲ್ಲದಕ್ಕೂ ತಪ್ಪದೆ ಅಳುತ್ತಿದ್ದೆ, ಎಣ್ಣೆಯ ಜಾಹೀರಾತಿಗೂ ಒಮ್ಮೆ ಅತ್ತಿದ್ದೇನೆ. ಹಾಗೆ ನೋಡಿದರೆ ಇದು ರೇಡಿಯೋ ಕಲಿಸಿದ ಚಟವೂ ಅಲ್ಲ. ಅದಕ್ಕೂ ಮೊದಲು ಸಂತೆಗಳಲ್ಲಿ ಕೊಲೆಯಾದವರ, ಬಾವಿಗೆ ಬಿದ್ದ ಸೊಸೆಯರ ಲಾವಣಿಯನ್ನು ತಮಟೆ ಬಡಿದು ಹಾಡಿ ಪುಸ್ತಕ ಮಾರುತ್ತಿದ್ದರು ಎಂದು ಅಮ್ಮನ ಕಡೆಯ ಅಜ್ಜಿ ಹೇಳುತ್ತಿದ್ದರು. ಅಜ್ಜಿ ಅದನ್ನು ಬೈಯುತ್ತಲೇ ಪೂರ್ತಿ ಬಾಯಿಪಾಠ ಹೇಳುತ್ತಿದ್ದರು.

ಒಂದು ದಿನ ಆ ಕಂಪನಿಯ ವ್ಯಾನೇ ಬಿನ್ನಿಪೇಟೆಗೆ ಬಂತು. ಶಾಲೆಯ ಹಾಲಿನಲ್ಲಿ ಟೇಪಿನ ಯಂತ್ರ ಇಟ್ಟು, ಕಷ್ಟ ಇರುವ ಹೆಂಗಸರು ನಾಳೆ ಬರಬಹುದು ಎಂದು ಮೈಕಿನಲ್ಲಿ ಸಾರಿದರು. ಕಷ್ಟ ಇಲ್ಲದವರು ಯಾರಿದ್ದರು? ಇಡೀ ಬೀದಿ ಹೋಯಿತು. ಜೇನುದನಿಯ ಮನುಷ್ಯ ನೋಡಲು ಸಣಕಲು, ಕೋಟಿನೊಳಗೆ ಬೆವೆತು ನೀರಾಗಿದ್ದ. ಸಿದ್ದಮ್ಮ ಯಾರೂ ಕೇಳದೆಯೇ ಅತ್ತೆಯನ್ನು ಮುಂದಕ್ಕೆ ತಳ್ಳಿ, "ಇವ್ರನ್ನ ಬಿಟ್ರೆ ನಿಮ್ಗೆ ಇನ್ಯಾರೂ ಸಿಗಲ್ಲ ಸಾರ್. ಇವ್ರು ಹಾಡ್ಕೊಂಡು ಅತ್ರೆ ಹೆಣನೂ ಎದ್ದು ಕೂರ್ಬೇಕು" ಎಂದರು.

ಅತ್ತೆ ಬಂದದ್ದು ಹೊಲಿಗೆ ಯಂತ್ರಕ್ಕಲ್ಲ. ಹಿಂದಿನ ದಿನವೇ ನನ್ನ ಹತ್ತಿರ ಹೇಳಿದ್ದರು: "ನಿಮ್ಮಾವ ಎಲ್ಲೇ ಇರ್ಲಿ ಮಗ, ಅಲ್ಲೊಂದು ಹೋಟ್ಲಿರುತ್ತೆ, ಹೋಟ್ಲಲ್ಲಿ ರೇಡಿಯೋ ಇರುತ್ತೆ, ಅದ್ರ ಮುಂದೆ ನಿಮ್ಮಾವ ಇರ್ತಾರೆ. ನಂಗೆ ಒಂದೇ ಮಾತು ಹೇಳ್ಬೇಕಾಗಿರೋದು. ಅಣ್ಣ ಅಂದಿದ್ದು ಮರ್ತುಬಿಡಿ, ಮನೆಗೆ ಬನ್ನಿ ಅಂತ. ಅಷ್ಟೇ."

ಆ ಮನುಷ್ಯ ಕಥೆಯನ್ನೆಲ್ಲ ಕೇಳಿ ಪೆನ್ಸಿಲ್ಲಿನಿಂದ ಹಣೆ ತಟ್ಟಿಕೊಂಡ. "ಕಾಣೆಯಾದೋರು ಅಂದ್ರೆ ಅಷ್ಟು ಮನಸ್ಸಿಗೆ ನಾಟಲ್ಲ ತಾಯಿ. ತೀರಿಕೊಂಡ್ರು ಅಂತ ಇಟ್ಕೊಳ್ಳೋಣ. ನೀವು ಹಾಡ್ಕೊಂಡು ಅಳಿ."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. "ಇರೋರಿಗೆ ಅಳಬಾರ್ದು ಸ್ವಾಮಿ."

"ಇದಾರೆ ಅಂತ ನಿಮಗೆ ಗೊತ್ತಾ?"

"ಇಲ್ಲ ಅಂತ ನಿಮಗೆ ಗೊತ್ತಾ?"

ಅವನು ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿದ. ಆಮೇಲೆ ಬೇಡಿಕೊಳ್ಳುವ ದನಿಯಲ್ಲಿ, ಯಾರಿಗಾದರೂ ಸರಿ, ಒಂದು ಸಲ ಅತ್ತುಬಿಡಿ, ಕೊನೆಯಲ್ಲಿ ನಿಮ್ಮ ಒಂದು ಮಾತನ್ನು ಮೈಕಿಗೆ ಹೇಳಿಸುತ್ತೇನೆ ಎಂದ. ಅತ್ತೆ ಯೋಚಿಸಿ, "ಹಂಗಾದ್ರೆ ನಮ್ಮವ್ವನಿಗೆ ಅಳ್ತೀನಿ. ಅವಳು ಹೋಗಿ ಎಷ್ಟೋ ವರ್ಷ ಆಯ್ತು, ಇನ್ನೊಂದ್ಸಲ ಅತ್ರೆ ಬೇಜಾರು ಮಾಡ್ಕೊಳಲ್ಲ" ಎಂದು ನಕ್ಕು, ನೆಲದ ಮೇಲೆ ಕಾಲು ಚಾಚಿ ಕೂತರು.

*ಹೊಸಿಲಿಗೆ ಬಂದರೆ ಕಾಲಿಗೆ ನೀರು ಕೊಡೋರು ಯಾರು, ಹೊರಟು ನಿಂತರೆ ಮಡಿಲಿಗೆ ಬೆಲ್ಲ ಕಟ್ಟೋರು ಯಾರು...*

ನಗುತ್ತಾ ಕೂತವರು ಮೂರನೇ ಸೊಲ್ಲಿಗೆ ನಿಜವಾಗಿ ಅಳುತ್ತಿದ್ದರು. ಅಜ್ಜಿಗೆ ಶುರುವಾದ ಅಳು ಎಲ್ಲೆಲ್ಲಿಗೋ ಹರಿಯಿತು. ಅಷ್ಟು ವರ್ಷ ನಗುವಿನ ಕೆಳಗೆ ಒತ್ತಿಟ್ಟದ್ದೆಲ್ಲ ಬಂತು. ಜೇನುದನಿಯವನೇ ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. ಅತ್ತೆಯ ಉಸಿರು ಕಟ್ಟತೊಡಗಿತು, ಮೈ ಹಿಂದೆ ಮುಂದೆ ತೂಗುತ್ತಿತ್ತು. ಭುಜ ಮುಟ್ಟಿ ಸಾಕು ಎನ್ನಬೇಕಾದ ಹೊತ್ತು ಎಂದೋ ದಾಟಿತ್ತು. ನಾನು ಎದ್ದೆ. ಟೇಪಿನ ಯಂತ್ರ ನೋಡಿಕೊಳ್ಳುತ್ತಿದ್ದವನು ನನ್ನ ಮಣಿಕಟ್ಟು ಹಿಡಿದು, ತುಟಿಯ ಮೇಲೆ ಬೆರಳಿಟ್ಟು, ತಿರುಗುತ್ತಿದ್ದ ಚಕ್ರವನ್ನು ತೋರಿಸಿದ. ನಾನು ಕೈ ಕಿತ್ತುಕೊಂಡು ಹೋಗಿ ಅತ್ತೆಯನ್ನು ಮುಟ್ಟುವ ಹೊತ್ತಿಗೆ ಟೇಪು ಮುಗಿದು ಅದರ ತುದಿ ಪಟಪಟ ಬಡಿಯುತ್ತಿತ್ತು. ಜೇನುದನಿಯವನು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಅತ್ತೆಗೆ ಕೊಟ್ಟ. ಅತ್ತೆ ಅದನ್ನು ಮುಟ್ಟದೆ ಸೆರಗಿನಲ್ಲೇ ಮುಖ ಒರೆಸಿಕೊಂಡರು. ಹೊಸ ಟೇಪು ಹಾಕಿಸಿ, ಮೈಕಿಗೆ ತೀರಾ ಹತ್ತಿರ ಬಾಗಿ, ಆ ಒಂದು ಮಾತನ್ನೂ ಹೇಳಿದರು.

ಕಾರ್ಯಕ್ರಮ ಬಂದ ದಿನ ನಲ್ಲಿಯ ಬಳಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ಪಾಳಿ ಬದಲಿಸಿಕೊಂಡು ಹೋಟೆಲಿನ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪಿಟೀಲು ಬಂತು. "ಕೇಳುಗರೇ, ಇಂದು ನಮ್ಮ ಮುಂದೆ ಇರುವವರು ಬೆಂಗಳೂರಿನ ಬಿನ್ನಿಪೇಟೆಯ ನತದೃಷ್ಟೆ ಪುಟ್ಟತಾಯಮ್ಮ. ಇವರ ಪತಿ ಚೆನ್ನಪ್ಪನವರು ಪರಸ್ಥಳದಲ್ಲಿ ಅನಾಥರಾಗಿ ಅಸುನೀಗಿದರು..." ಅದರ ಹಿಂದೆಯೇ ಅತ್ತೆಯ ದನಿ ಎದ್ದಿತು. 'ಅವ್ವ' ಎಂಬ ಶಬ್ದ ಬಂದ ಕಡೆಗಳನ್ನೆಲ್ಲ ಕತ್ತರಿಸಿದ್ದರು. ಕೊನೆಯಲ್ಲಿ ಎಣ್ಣೆ ಬಂತು. ಮನೆಗೆ ಬನ್ನಿ ಎಂಬ ಮಾತು ಬರಲೇ ಇಲ್ಲ.

ಅಪ್ಪನ ಕೈಯ ಲೋಟ ಜಾರಿ ಕಾಫಿಯೆಲ್ಲ ಪಂಚೆಯ ಮೇಲೆ ಚೆಲ್ಲಿತು. ರೇಡಿಯೋ ಸುಳ್ಳು ಹೇಳುತ್ತದೆ ಎಂದು ಅಪ್ಪನ ತಲೆಮಾರಿಗೆ ಗೊತ್ತಿರಲಿಲ್ಲ. ತಾನಾಡಿದ ಮಾತೇ ಕೊಂದಿತು ಎಂದು ಅವರು ಅಲ್ಲೇ ತಲೆ ಹಿಡಿದುಕೊಂಡರು. ನಲ್ಲಿಯ ಬಳಿಯ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಡಿಲಿಗೆ ಬೆಲ್ಲ ಕಟ್ಟೋರು ಯಾರು ಅಂತೆ! ಯಾವ ಗಂಡ ಕಣೇ ಬೆಲ್ಲ ಕಟ್ತಾನೆ? ಅದು ತಾಯಿಗೆ ಅಳೋ ಸೊಲ್ಲು" ಎಂದು ಸಿದ್ದಮ್ಮ ಕೂಗಿಯೇ ಹೇಳಿದರು. ಅತ್ತೆ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅವರು ನಗದೆ ಇದ್ದ ದಿನವನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಭಯವಾಯಿತು.

ಮರುದಿನ ಬ್ಯಾಡರಹಳ್ಳಿಯಿಂದ ಮಾವನ ಕಡೆಯ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ಮುಂದೆ ಗಂಡಸರು ತಲೆಯ ಮೇಲೆ ಟವಲು ಹಾಕಿಕೊಂಡು ಮುಖ ಇಳಿಬಿಟ್ಟುಕೊಂಡಿದ್ದರು. ಹಿಂದೆ ಹೆಂಗಸರು ಹೂ ಮುಡಿದುಕೊಂಡೇ ಬಂದಿದ್ದರು. ಅವರಲ್ಲೊಬ್ಬ ಮುದುಕಿ, "ನಾನು ದಾರಿಯುದ್ದಕ್ಕೂ ಬಡ್ಕೊಂಡೆ, ಅದು ಅವ್ವನಿಗೆ ಅತ್ತಿದ್ದು ಕಣ್ರೋ ಅಂತ. ಈ ಗಂಡಸರು ಕೇಳಿದ್ರೆ ತಾನೇ! ರೇಡಿಯೋದಲ್ಲಿ ಬಂತಂತೆ" ಎಂದು ಗೊಣಗುತ್ತಾ ಗಾಡಿಯಿಂದ ಇಳಿದರು. ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ ಅತ್ತೆ ಎದ್ದು ಕೂತರು. ಆ ಮುದುಕಿಯನ್ನು ನೋಡಿದರು, ಟವಲು ಹೊದ್ದ ಗಂಡಸರ ಸಾಲನ್ನು ನೋಡಿದರು, ನಗು ತಡೆಯಲಾಗಲಿಲ್ಲ. "ಸುಳ್ಳು ಸಾವಿನ ಸುದ್ದಿ ಬಂದ್ರೆ ಆಯಸ್ಸು ಜಾಸ್ತಿ ಅಂತಾರೆ. ಬಂದೋರೆಲ್ಲ ಕೂತ್ಕೊಳ್ಳಿ, ಪಾಯಸ ಮಾಡ್ತೀನಿ" ಎಂದು ಒಲೆ ಹಚ್ಚಿದರು. ಸಾವಿಗೆಂದು ಬಂದವರು ಪಾಯಸ ಉಂಡು ಹೋದ ಮನೆ ನಮ್ಮದೊಂದೇ ಇರಬೇಕು. ಅಪ್ಪ ಮಾತ್ರ ಒಂದು ಚಮಚವನ್ನೂ ಬಾಯಿಗಿಡಲಿಲ್ಲ. ಹೊಲಿಗೆ ಯಂತ್ರವೂ ಬರಲಿಲ್ಲ ಬಿಡಿ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ನಾನೂ ಅತ್ತೆಯೂ ನಲ್ಲಿಯ ಹತ್ತಿರ ಇದ್ದೆವು. ಹೋಟೆಲಿನ ಕಡೆಯಿಂದ ತಗಡಿನ ಪೆಟ್ಟಿಗೆ ಹಿಡಿದು ಒಬ್ಬರು ನಡೆದು ಬಂದರು. ಬಡವಾಗಿದ್ದರು, ಮೀಸೆಯಲ್ಲಿ ಬಿಳಿ ಬಂದಿತ್ತು. ಅತ್ತೆ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ರೇಡಿಯೋ ಕೇಳ್ಕೊಂಡು ಬರ್ತೀನಿ ಅಂತ ಹೋದ್ರಿ. ಮುಗೀತಾ?"

ಮಾವ ಪೆಟ್ಟಿಗೆಯನ್ನು ಕೆಳಗಿಟ್ಟರು. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಇದ್ದರಂತೆ, ಅಲ್ಲಿಯೂ ಒಂದು ಹೋಟೆಲು, ಅಲ್ಲಿಯೂ ಒಂದು ರೇಡಿಯೋ. "ನಾನು ಸತ್ತೋದೆ ಅಂತ ಅವ್ನು ಹೇಳ್ದ. ಹೇಳ್ಲಿ. ನೀನು ನಿಮ್ಮವ್ವನಿಗೆ ಅಳ್ತಿದೀಯ ಅಂತ ಮೊದಲ್ನೇ ಸೊಲ್ಲಿಗೇ ಗೊತ್ತಾಯ್ತು ನಂಗೆ." ಅವರು ಒಂದು ಹೆಜ್ಜೆ ಮುಂದೆ ಬಂದರು. "ಆದ್ರೆ ಅಷ್ಟೊತ್ತು ಅಳ್ತಿದ್ದೆಯಲ್ಲ ಪುಟ್ಟೀ, ಯಾರೂ ಸಾಕು ಅನ್ಲೇ ಇಲ್ಲ. ಈಗ ಅಂತಾರೆ, ಈಗ ಅಂತಾರೆ ಅಂತ ಕಾದೆ. ಎಣ್ಣೆ ಬಂತು. ಅದಕ್ಕೇ ಹೊರಟು ಬಂದೆ."

ಹಾಗೆಂದು, ನಟ್ಟನಡುಬೀದಿಯಲ್ಲಿ, ಅಷ್ಟು ಹೆಂಗಸರ ಮುಂದೆ, ಅತ್ತೆಯ ಭುಜ ಮುಟ್ಟಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಸಿದ್ದಮ್ಮ ಹೋಟೆಲಿನ ಕಡೆ ತಿರುಗಿ, ಹೆಂಗಸರು ಹಾಗೆ ಕೂಗಬಾರದು ಎಂಬುದನ್ನೂ ಮರೆತು, "ರಾಯರೇ, ಎರಡು ಕಾಫಿ!" ಎಂದು ಕೂಗಿದರು. ಅಪ್ಪನಿಗೆ ಸುದ್ದಿ ಹೇಳಲು ಮಿಲ್ಲಿನ ಗೇಟಿನವರೆಗೂ ನಾನೇ ಓಡಿದೆ. ಆ ದೊಡ್ಡ ಆಳು ಗೇಟಿನ ಹೊರಗೆ ನಿಂತು ಮಗುವಿನ ಹಾಗೆ ಅತ್ತರು.

ಮಾವ ಆಮೇಲೆ ಬಹಳ ಕಾಲ ಬದುಕಿದರು. ಸುಳ್ಳು ಸುದ್ದಿಯ ಆಯಸ್ಸು ಎಂದು ಅತ್ತೆ ಹೇಳುತ್ತಿದ್ದರು. ಅವರು ನಿಜವಾಗಿ ಹೋದ ದಿನ ಅತ್ತೆ ಹಾಡಿಕೊಂಡು ಅತ್ತರು, ಭುಜ ಮುಟ್ಟುವ ಪಾಲು ನನಗೆ ಬಂತು. ಅವತ್ತಿನ ಸೊಲ್ಲುಗಳು ಒಂದೂ ಬಿಡದೆ ನನಗೆ ನೆನಪಿವೆ. ಅವು ಮಾವನಿಗೆಂದು ಕಟ್ಟಿದವು, ಇಲ್ಲಿ ಬರೆಯುವುದಿಲ್ಲ.

ನಿನ್ನೆ ಆ ತಾಯಿ ಟೀವಿಯಲ್ಲಿ ಅಳುತ್ತಲೇ ಇದ್ದಳು. ಆಕೆಯ ಮುಖ ದೊಡ್ಡದಾಗುತ್ತಾ ಹೋಗಿ ಪರದೆಯ ತುಂಬ ಅದೊಂದೇ ಆಯಿತು. ನಿರೂಪಕ "ಆಮೇಲೆ?" ಎಂದ. ತೀರ್ಪುಗಾರರು ಕಣ್ಣೊರೆಸಿಕೊಂಡರು. ನಾನೂ ಕಾದೆ; ಯಾರಾದರೂ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ಕಾದೆ. ಸಾಬೂನಿನ ಜಾಹೀರಾತು ಬರುವ ಸೂಚನೆ ಕಂಡದ್ದೇ ಮಡಿಲ ಪಾತ್ರೆಯನ್ನು ಬದಿಗಿಟ್ಟು ಎದ್ದೆ. ಮಂಡಿ ಹಿಡಿದಿತ್ತು, ಎರಡು ಕಾಳು ನೆಲಕ್ಕೆ ಉರುಳಿದವು. ಒಳಗಿನಿಂದ ಬಂದ ಮೊಮ್ಮಗಳು, "ಅಜ್ಜೀ, ಟೀವಿ ಮುಂದೆ ನಿಂತ್ಕೊಂಡು ಏನ್ ಮಾಡ್ತಿದೀಯ?" ಎಂದು ಬಾಗಿಲಲ್ಲೇ ನಿಂತಳು.

ಪರದೆ ಬೆಚ್ಚಗಿತ್ತು. ಆ ತಾಯಿಯ ಭುಜ ಇದ್ದ ಕಡೆ ನನ್ನ ಒದ್ದೆ ಬೆರಳುಗಳನ್ನಿಟ್ಟು, "ಸಾಕು ಕಣವ್ವ, ಸಮಾಧಾನ ಮಾಡ್ಕೋ" ಎಂದೆ.